ಗೋಡೆಗೆ ಬಂದ ಪಂಚಾಂಗ

ಜನವರಿ ಒಂದನೇ ತಾರೀಖು ಯುಗಾದಿಯ ಜಾಗ ಕಿತ್ತುಕೊಂಡಿತು, ಅಚ್ಚಾದ ಕ್ಯಾಲೆಂಡರು ಪಂಚಾಂಗವನ್ನು ಅಟ್ಟ ಹತ್ತಿಸಿತು ಎಂದು ಪ್ರತಿ ಡಿಸೆಂಬರಿನ ಕೊನೆಯಲ್ಲೂ ಯಾರಾದರೊಬ್ಬರು ಹೇಳುತ್ತಾರೆ, ಬರೆಯುತ್ತಾರೆ. ಈ ದುಃಖದಲ್ಲಿ ಪ್ರಾಮಾಣಿಕತೆ ಇದೆ. ಆದರೆ ಕರ್ನಾಟಕದ ಮನೆಗಳ ಗೋಡೆಗಳನ್ನು ನೋಡಿದರೆ ಬೇರೆಯದೇ ಕಥೆ ಕಾಣುತ್ತದೆ. ಮೊಳೆಗೆ ತೂಗಿದ ಆ ಹಾಳೆಯಲ್ಲಿ ಇಂಗ್ಲಿಷ್ ತಾರೀಖಿನ ಪಕ್ಕದಲ್ಲೇ ತಿಥಿ ಇದೆ, ನಕ್ಷತ್ರ ಇದೆ, ರಾಹುಕಾಲ ಇದೆ, ಅಮಾವಾಸ್ಯೆಗೆ ಕಪ್ಪು ಬೊಟ್ಟು, ಹುಣ್ಣಿಮೆಗೆ ಬಿಳಿ ಬೊಟ್ಟು ಇದೆ. ಪಂಚಾಂಗ ಓದಬಲ್ಲ ಕೆಲವೇ ಜನರ ಕೈಯಲ್ಲಿದ್ದ ತಿಳಿವಳಿಕೆ ಅಡುಗೆಮನೆಯ ಗೋಡೆಗೆ ಬಂದದ್ದು ಈ ಕ್ಯಾಲೆಂಡರಿನ ಮೂಲಕವೇ. ಅದುವರೆಗೆ ಕಾಲವನ್ನು ಕೇಳಿ ತಿಳಿಯುತ್ತಿದ್ದ ಮನೆಮಂದಿ ಅದನ್ನು ಕಣ್ಣಾರೆ ನೋಡುವಂತಾದರು, ಅದರ ಮೇಲೆ ತಮ್ಮ ಕೈಯಿಂದ ಗುರುತು ಹಾಕುವಂತಾದರು. ಹೊಸ ವರ್ಷದ ಹೊಸ್ತಿಲಲ್ಲಿ ಹೊಸ ಕ್ಯಾಲೆಂಡರು ತಂದು ತೂಗುಹಾಕುವ ಸಣ್ಣ ಸಂತೋಷದ ಹಿಂದೆ ಇಷ್ಟು ದೊಡ್ಡ ಬದಲಾವಣೆಯೊಂದು ನಡೆದುಹೋಗಿದೆ ಎಂಬುದು ನನ್ನ ವಾದ.

ಹಿಂದೆ ದಿನದ ಲೆಕ್ಕ ಯಾರ ಬಳಿ ಇತ್ತು ಎಂಬುದರಿಂದಲೇ ಶುರುಮಾಡಬೇಕು. ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಂಬ ಐದು ಅಂಗಗಳನ್ನು ಗಣಿಸುವುದು ಕಷ್ಟದ ವಿದ್ಯೆ. 1520ರಲ್ಲಿ ಗಣೇಶ ದೈವಜ್ಞ ಬರೆದ ಗ್ರಹಲಾಘವದಂಥ ಕರಣಗ್ರಂಥಗಳು ಬಂದದ್ದೇ ಆ ಕಷ್ಟವನ್ನು ಹಗುರ ಮಾಡಲು. ಆದರೂ ಅದು ಕಲಿತವರಿಗಷ್ಟೇ ಹಗುರ. ನಮ್ಮಲ್ಲಿ ಕಾಲವನ್ನು ಬರೆದಿಟ್ಟವರು ಅರಸರು ಮತ್ತು ದಾನಿಗಳು. ಒಂದನೇ ಪುಲಕೇಶಿಯ ಬಾದಾಮಿಯ ಬಂಡೆಗಲ್ಲಿನ ಶಾಸನದಲ್ಲಿ ಶಕ 465 ಎಂದಿದೆ, ಅಂದರೆ ಕ್ರಿ.ಶ. 543. ಐಹೊಳೆಯ ಶಾಸನದಲ್ಲಿ ರವಿಕೀರ್ತಿ ಶಕ 556ರ ಜೊತೆಗೆ ಭಾರತ ಯುದ್ಧದಿಂದ ಎಣಿಸಿದ ವರ್ಷವನ್ನೂ ಕೊಡುತ್ತಾನೆ. ಮುಂದಿನ ಶತಮಾನಗಳ ದಾನಶಾಸನಗಳಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಸಾಲಾಗಿ ಬರುತ್ತವೆ. ಸಂಕ್ರಮಣವೋ ಗ್ರಹಣವೋ ಆಗಿದ್ದರೆ ಅದೂ ಬರುತ್ತದೆ. ಊರಿನ ಒಕ್ಕಲಿಗನಿಗೆ, ನೇಕಾರನಿಗೆ, ಮನೆಯ ಹೆಂಗಸರಿಗೆ ಇಂಥ ಬರಹ ಇರಲಿಲ್ಲ. ಅವರ ಪಾಲಿಗೆ ಇದ್ದದ್ದು ಯುಗಾದಿಯಂದು ದೇವಸ್ಥಾನದಲ್ಲಿ ನಡೆಯುವ ಪಂಚಾಂಗ ಶ್ರವಣ, ಉಳಿದ ದಿನಗಳಲ್ಲಿ ಜೋಯಿಸರ ಮನೆ ಬಾಗಿಲು. ಹಳೆ ಮೈಸೂರಿನ ಹಳ್ಳಿಗಳಲ್ಲಿ ಯುಗಾದಿಗೆ ಹೊನ್ನಾರು ಕಟ್ಟಿ ಮೊದಲ ಉಳುಮೆ ಮಾಡುವಾಗಲೂ ಆ ವರ್ಷ ಯಾರ ಹೆಸರಿಗೆ ಕೂಡಿಬರುತ್ತದೆ ಎಂದು ಪಂಚಾಂಗ ನೋಡಿ ಹೇಳಬೇಕಿತ್ತು. ವರ್ಷದ ಮೊದಲ ಗೆರೆ ಎಳೆಯುವ ಎತ್ತು ನೇಗಿಲು ರೈತನವು, ದಿನ ಹೇಳುವ ಮಾತು ಇನ್ನೊಬ್ಬರದು.

ಇನ್ನು ಹೊಸ ವರ್ಷ ಎಂಬುದು ಈ ನಾಡಿನಲ್ಲಿ ಎಂದೂ ಒಂದೇ ಆಗಿರಲಿಲ್ಲ. ಬಯಲುಸೀಮೆಗೆ ಚೈತ್ರ ಶುದ್ಧ ಪಾಡ್ಯದ ಚಾಂದ್ರಮಾನ ಯುಗಾದಿ. ತುಳುನಾಡಿಗೆ ಏಪ್ರಿಲ್ ನಡುವಿನ ಬಿಸು, ಅಲ್ಲಿಂದ ಪಗ್ಗು ತಿಂಗಳ ಶುರು. ಕೊಡಗಿಗೆ ಅದೇ ಹೊತ್ತಿನ ಎಡಮ್ಯಾರ್. ವರ್ತಕರ ಹೊಸ ಲೆಕ್ಕದ ಪುಸ್ತಕ ದೀಪಾವಳಿಯ ಪಾಡ್ಯಕ್ಕೆ. ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿಯಲ್ಲಿ, ದಕ್ಷಿಣ ಕನ್ನಡದಲ್ಲಿ ಕಂದಾಯದ ಫಸಲಿ ವರ್ಷ ಜುಲೈ ಒಂದರಿಂದ. ಬ್ರಿಟಿಷ್ ಇಂಡಿಯಾದ ಆಯವ್ಯಯದ ವರ್ಷ 1867ರಿಂದ ಏಪ್ರಿಲ್ ಒಂದಕ್ಕೆ. ಮಕ್ಕಳಿಗೆ ಶಾಲೆ ತೆರೆಯುವ ಜೂನೇ ಹೊಸ ವರ್ಷ. ಮೊಹರಂ ಹಿಜರಿ ವರ್ಷದ ಮೊದಲ ತಿಂಗಳು. ಬಡಗಣ ಕರ್ನಾಟಕದ ಎಷ್ಟೋ ಊರುಗಳಲ್ಲಿ ಆ ತಿಂಗಳ ಅಲಾಯಿ ಕುಣಿತಕ್ಕೆ ಊರಿಗೆ ಊರೇ ಸೇರುತ್ತದೆ. ಹೀಗಿರುವಾಗ ಜನವರಿ ಒಂದು ಯಾವ ಒಂದು ಹೊಸ ವರ್ಷವನ್ನು ಸೋಲಿಸಿತು ಎಂದು ಹೇಳುವುದು? ಇದ್ದ ಏಳೆಂಟರ ಜೊತೆಗೆ ಅದೂ ಒಂದಾಗಿ ಸೇರಿತು. ಇಷ್ಟನ್ನೂ ಒಂದೇ ಹಾಳೆಯ ಮೇಲೆ ಒಟ್ಟಿಗೆ ತೋರಿಸುವ ವಸ್ತುವೊಂದು ಅದರ ಜೊತೆಯಲ್ಲಿ ಬಂತು ಎಂಬುದೇ ಮುಖ್ಯ.

ಆ ವಸ್ತು ಬಂದ ದಾರಿ ಅಚ್ಚುಮೊಳೆಗಿಂತ ಹೆಚ್ಚಾಗಿ ಕಲ್ಲಚ್ಚಿನದು. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಲಕ್ಷ್ಮಿ, ಸರಸ್ವತಿಯರ ಬಣ್ಣದ ಚಿತ್ರಗಳು ಸಾಧಾರಣ ಮನೆಗೂ ಎಟುಕಿದವು. ಶಿವಕಾಶಿಯಲ್ಲಿ 1920ರ ದಶಕದಲ್ಲಿ ಬೆಂಕಿಪೊಟ್ಟಣದ ಕೈಗಾರಿಕೆ ಶುರುವಾಗಿ, ಪೊಟ್ಟಣದ ಮೇಲಿನ ಚೀಟಿಗಳನ್ನು ಅಚ್ಚು ಹಾಕುವ ಅಗತ್ಯದಿಂದ ಮುದ್ರಣದ ಉದ್ಯಮವೇ ಬೆಳೆಯಿತು. ಆಮೇಲೆ ದೇಶದ ಕ್ಯಾಲೆಂಡರುಗಳ ದೊಡ್ಡ ಪಾಲು ಅಲ್ಲಿಂದಲೇ ಹೊರಟಿತು. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬಯಿಗೆ ಹೋಗಿ ಸಿನಿಮಾ ಪೋಸ್ಟರಿನ ಜೊತೆಗೆ ಬರೆದ ಪುರಾಣದ ಚಿತ್ರಗಳು ಕ್ಯಾಲೆಂಡರುಗಳ ಮೂಲಕ ಮನೆಮನೆ ಸೇರಿದವು. ವರ್ಷ ಮುಗಿದ ಮೇಲೆ ಕೆಳಗಿನ ತಾರೀಖಿನ ಕಟ್ಟನ್ನು ಕಿತ್ತು, ಮೇಲಿನ ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಗೂಡಿನಲ್ಲಿ ಇಡುವುದು, ಮಿಕ್ಕ ನುಣುಪು ಹಾಳೆಗಳನ್ನು ಜೂನಿನಲ್ಲಿ ಮಕ್ಕಳ ಪುಸ್ತಕಗಳಿಗೆ ಬೈಂಡು ಹಾಕಲು ಎತ್ತಿಡುವುದು ಲಕ್ಷಾಂತರ ಮನೆಗಳ ರೂಢಿಯಾಯಿತು. ಇದರ ಮಗ್ಗುಲಲ್ಲೇ ಚಿತ್ರದ ಹಂಗಿಲ್ಲದ ಇನ್ನೊಂದು ಬಗೆ ಇತ್ತು. 1916ರಲ್ಲಿ ಸ್ಥಾಪನೆಯಾದ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು ಹಳೆ ಮೈಸೂರಿನ ಮನೆಗಳಲ್ಲಿ ತಲೆಮಾರುಗಳ ಕಾಲ ತೂಗಿದ್ದು ದಪ್ಪ ಅಂಕಿ, ತಿಥಿ ನಕ್ಷತ್ರ, ಹಬ್ಬ ರಜೆಗಳ ವಿವರಗಳ ಬಲದಿಂದಲೇ. ಜಯಂತರಾವ್ ಸಾಳಗಾಂವಕರರು 1973ರಲ್ಲಿ ಮರಾಠಿಯಲ್ಲಿ ಆರಂಭಿಸಿ ಮುಂದೆ ಕನ್ನಡಕ್ಕೂ ತಂದ ಕಾಲನಿರ್ಣಯ ಹಾಳೆಯ ಬೆನ್ನಿಗೆ ಅಡುಗೆ, ಆರೋಗ್ಯಗಳ ಬರಹ ಸೇರಿಸಿತು. ಇದನ್ನು ದಿನಾ ನೋಡುವವರು, ಓದುವವರು ಯಾರು ಎಂಬುದನ್ನು ಪ್ರಕಾಶಕರು ಚೆನ್ನಾಗಿ ಅರಿತಿದ್ದರು.

ಇದೇ ಹೊತ್ತಿನಲ್ಲಿ ಸರ್ಕಾರವೂ ಕಾಲದ ಗೊಂದಲಕ್ಕೆ ಪರಿಹಾರ ಹುಡುಕುತ್ತಿತ್ತು. ಭೌತವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ 1952ರಲ್ಲಿ ನೇಮಕವಾದ ಕ್ಯಾಲೆಂಡರ್ ಸುಧಾರಣಾ ಸಮಿತಿ ದೇಶದಲ್ಲಿ ಸುಮಾರು 30 ಬಗೆಯ ಪಂಚಾಂಗಗಳು ಬಳಕೆಯಲ್ಲಿರುವುದನ್ನು ಕಂಡಿತು. 1955ರಲ್ಲಿ ವರದಿ ಕೊಟ್ಟಿತು. 1957ರ ಮಾರ್ಚ್ 22ನೇ ತಾರೀಖು ಶಕ 1879ರ ಚೈತ್ರ 1 ಎಂದಾಗಿ ರಾಷ್ಟ್ರೀಯ ಕ್ಯಾಲೆಂಡರು ಜಾರಿಗೆ ಬಂತು. ಲೆಕ್ಕಕ್ಕೆ ಅದು ಅಚ್ಚುಕಟ್ಟು: ಋತುಗಳ ಜೊತೆ ಹೆಜ್ಜೆ ತಪ್ಪದ ಸೌರ ವರ್ಷ. ಇಂದಿಗೂ ಗೆಜೆಟ್ಟಿನ ತಲೆಬರಹದಲ್ಲಿ ಇದೆ. ಮನೆಗೆ ಮಾತ್ರ ಬರಲಿಲ್ಲ. ಸಹಾ ಅವರ ವಿಜ್ಞಾನದ ಬಗ್ಗೆ ನನಗೆ ಅಪಾರ ಗೌರವವಿದೆ, ಆದರೂ ಈ ವಿಷಯದಲ್ಲಿ ಜನರ ಅಗತ್ಯವನ್ನು ಸರಿಯಾಗಿ ಹಿಡಿದವರು ಅಚ್ಚುಕೂಟದವರು ಎನ್ನಲೇಬೇಕು. ಸಮಿತಿ ಮೂವತ್ತನ್ನು ಒಂದು ಮಾಡಹೊರಟಿತು. ಗೋಡೆ ಕ್ಯಾಲೆಂಡರು ಅವುಗಳಲ್ಲಿ ಮನೆಗೆ ಬೇಕಾದ ನಾಲ್ಕೈದನ್ನು ಒಂದು ಚೌಕದೊಳಗೆ ಅಕ್ಕಪಕ್ಕ ಕೂರಿಸಿತು. ಸಂಬಳ ತಾರೀಖಿನ ಪ್ರಕಾರ ಬರುತ್ತದೆ, ಅಪ್ಪನ ಶ್ರಾದ್ಧ ತಿಥಿಯ ಪ್ರಕಾರ ನಡೆಯುತ್ತದೆ, ಮಗಳ ಹುಟ್ಟುಹಬ್ಬ ಶಾಲೆಗೊಂದು ದಿನ, ನಕ್ಷತ್ರಕ್ಕೊಂದು ದಿನ. ಇವೆಲ್ಲವನ್ನೂ ನಿಭಾಯಿಸುವ ಗೃಹಿಣಿಗೆ ಬೇಕಿದ್ದದ್ದು ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆ.

ಆ ದಾಟುವಿಕೆ ಎಷ್ಟು ಅಗತ್ಯ ಎಂಬುದಕ್ಕೆ ಇತ್ತೀಚಿನ ಯುಗಾದಿಗಳೇ ಸಾಕು. 2023ರಲ್ಲಿ ಹಬ್ಬ ಮಾರ್ಚ್ 22ಕ್ಕೆ ಬಂತು. ಆ ವರ್ಷ ಅಧಿಕ ಶ್ರಾವಣ ಸೇರಿದ್ದರಿಂದ ಮುಂದಿನ ಯುಗಾದಿ 384 ದಿನ ಕಳೆದು 2024ರ ಏಪ್ರಿಲ್ 9ಕ್ಕೆ ಹೋಯಿತು, ಅದರ ಮುಂದಿನದು 2025ರ ಮಾರ್ಚ್ 30ಕ್ಕೆ ಹಿಂದೆ ಬಂತು. ಚಂದ್ರನ ವರ್ಷಕ್ಕೆ 354 ದಿನ, ಸೂರ್ಯನದಕ್ಕಿಂತ ಸುಮಾರು 11 ದಿನ ಕಡಿಮೆ, ಆ ಕೊರತೆ ತುಂಬಲು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕ ಮಾಸ ಎಂಬ ಗಣಿತ ತಲೆಯಲ್ಲಿ ಇಟ್ಟುಕೊಳ್ಳದೆಯೇ ಹೊಸ ಕ್ಯಾಲೆಂಡರಿನಲ್ಲಿ ಹಬ್ಬ ಯಾವಾಗ ಎಂದು ಯಾರು ಬೇಕಾದರೂ ನೋಡಬಹುದು. ಹಾಳೆ ಕೈಗೆ ಬಂದ ಕೂಡಲೇ ಮಕ್ಕಳು ಮಾಡುವ ಮೊದಲ ಕೆಲಸ ಅದೇ: ಯಾವ ಹಬ್ಬ ಭಾನುವಾರ ಬಿದ್ದು ರಜೆ ಹಾಳಾಯಿತು ಎಂದು ಎಣಿಸುವುದು.

ರೈತನ ವಿಷಯ ಇನ್ನೂ ಸ್ವಾರಸ್ಯದ್ದು. ಮಳೆ ನಕ್ಷತ್ರಗಳು ಸೂರ್ಯ ಆ ನಕ್ಷತ್ರವನ್ನು ಪ್ರವೇಶಿಸುವುದರಿಂದ ಲೆಕ್ಕ ಹಾಕಿದಂಥವು. ಚಂದ್ರನ ತಿಂಗಳುಗಳಲ್ಲಿ ಅವು ವರ್ಷ ವರ್ಷಕ್ಕೂ ಜಾಗ ಬದಲಿಸುತ್ತವೆ, ಇಂಗ್ಲಿಷ್ ತಾರೀಖಿನಲ್ಲಿ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತವೆ. ರೋಹಿಣಿ ಮೇ 25ರ ಸುಮಾರಿಗೆ, ಮೃಗಶಿರ ಜೂನ್ 8ರ ಹೊತ್ತಿಗೆ, ಆರಿದ್ರಾ ಜೂನ್ 22ರ ಆಸುಪಾಸು, ಪುನರ್ವಸು ಜುಲೈ ಮೊದಲ ವಾರ. ಹೊರಗಿನಿಂದ ಬಂದ ತಾರೀಖಿನ ವರ್ಷವೇ ಬಿತ್ತನೆಯ ವರ್ಷಕ್ಕೆ ಹೆಚ್ಚು ಒಗ್ಗಿತು. ಕನ್ನಡದ ಕ್ಯಾಲೆಂಡರುಗಳು ಮಳೆ ನಕ್ಷತ್ರ ಹುಟ್ಟುವ ದಿನವನ್ನು ಅಚ್ಚು ಹಾಕುವುದು ಈ ಕಾರಣಕ್ಕೆ ಒಕ್ಕಲುಮನೆಗಳಿಗೆ ನಿಜವಾದ ಉಪಕಾರ.

ನನ್ನ ವಾದದ ನಡುಗಂಬ ಇರುವುದು ಹಾಳೆಯ ಮೇಲಿನ ಕೈಬರಹದಲ್ಲಿ. ಹಾಲಿನವನು ಬಾರದ ದಿನಕ್ಕೆ ಒಂದು ಅಡ್ಡಗೆರೆ, ಅರ್ಧ ಲೀಟರು ಹೆಚ್ಚು ತೆಗೆದುಕೊಂಡ ದಿನಕ್ಕೆ ಒಂದು ಅಂಕಿ. ಸಿಲಿಂಡರು ಹಚ್ಚಿದ ದಿನ, ಚೀಟಿಯ ಕಂತು ಕಟ್ಟುವ ದಿನ, ಜೀವವಿಮೆಯ ಪ್ರೀಮಿಯಂ, ಕೆಲಸದಾಕೆ ರಜೆ ಹಾಕಿದ್ದು, ಹಸು ಕಟ್ಟಿಸಿದ್ದು, ಮನೆದೇವರ ಜಾತ್ರೆ. ಹೆಂಗಸರು ತಮ್ಮ ತಿಂಗಳ ದಿನಕ್ಕೆ ಯಾರಿಗೂ ತಿಳಿಯದಂತೆ ಹಾಕುವ ಚುಕ್ಕೆ. ವರ್ಷದ ಮೊದಲ ವಾರ ಹಿರಿಯರೊಬ್ಬರು ಕನ್ನಡಕ ಏರಿಸಿ, ಹಳೆಯ ಕ್ಯಾಲೆಂಡರನ್ನು ಮಗ್ಗುಲಲ್ಲಿಟ್ಟು, ಶ್ರಾದ್ಧದ ತಿಥಿಗಳನ್ನೂ ಮೊಮ್ಮಕ್ಕಳ ಜನ್ಮನಕ್ಷತ್ರಗಳನ್ನೂ ಹೊಸ ಹಾಳೆಗೆ ಇಳಿಸುವುದು ಅನೇಕ ಮನೆಗಳಲ್ಲಿ ನಡೆಯುವ ಕೆಲಸ. ಡೈರಿ ಬರೆಯುವ ಹವ್ಯಾಸ ಓದಿದ ಗಂಡಸರಲ್ಲೇ ಹೆಚ್ಚಾಗಿ ನಿಂತಿತು, ಅದೂ ಬಹುಪಾಲು ಜನವರಿ ಕಳೆಯುವುದರೊಳಗೆ ಸೊರಗುತ್ತಿತ್ತು. ಕ್ಯಾಲೆಂಡರಿನ ಚೌಕಕ್ಕೆ ವಾಕ್ಯ ಬೇಡ, ಒಂದು ಗೆರೆ ಸಾಕು. 1951ರ ಜನಗಣತಿಯಲ್ಲಿ ದೇಶದ ಸಾಕ್ಷರತೆ ನೂರಕ್ಕೆ ಸುಮಾರು 18, ಹೆಂಗಸರಲ್ಲಿ 9ರ ಹತ್ತಿರ. ಅಂಕಿ, ಬಣ್ಣ, ಚಂದ್ರನ ಬೊಟ್ಟುಗಳಿಂದ ಕೂಡಿದ ಹಾಳೆಯನ್ನು ಪುಸ್ತಕ ಓದಲಾರದವರೂ ಓದಬಲ್ಲರು, ಗೆರೆ ಎಳೆದು ಲೆಕ್ಕ ಬರೆಯಬಲ್ಲರು. ಹಾಲಿನ ಲೆಕ್ಕದಲ್ಲಿ ಅವರ ಗೆರೆಯೇ ದಾಖಲೆ. ತಿಂಗಳ ಕೊನೆಗೆ ಅದನ್ನು ಮುಂದಿಟ್ಟುಕೊಂಡೇ ಹಣ ತೀರುತ್ತಿತ್ತು.

ವರ್ಷ ಮುಗಿದರೆ ಹರಿದುಹೋಗುವ ಹಾಳೆಯನ್ನು ಇತಿಹಾಸದ ಸಾಕ್ಷಿ ಎನ್ನುವುದು ಹೇಗೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹಾಳೆಗಳು ಉಳಿದಿಲ್ಲದಿದ್ದರೂ ಅವುಗಳ ಆಕಾರ ಉಳಿದಿದೆ. ಚಿತ್ರಕ್ಕೆ ಜೋತುಬಿದ್ದ ಸಣ್ಣ ಕಟ್ಟಿನಲ್ಲಿ ಬರೆಯಲು ಜಾಗವೇ ಇರಲಿಲ್ಲ. ತಿಂಗಳಿಗೊಂದು ದೊಡ್ಡ ಹಾಳೆ, ಅಗಲವಾದ ಚೌಕ ಇರುವ ಬಗೆ ಮುಂದೆ ಬಂತು. ಕೆಲವು ಕ್ಯಾಲೆಂಡರುಗಳು ಹಾಲಿನ ಲೆಕ್ಕಕ್ಕೆಂದೇ ಮನೆಗಳನ್ನು ಅಚ್ಚು ಹಾಕಿದವು. ಬಳಸುವವರ ಕೈ ಮೊದಲು ಬರೆಯದಿದ್ದರೆ ಮಾರುವವರು ಆ ಜಾಗ ಬಿಡುತ್ತಿರಲಿಲ್ಲ. ಇದೆಲ್ಲ ಬಟ್ಟೆ ಅಂಗಡಿಯ, ಚಿನ್ನದಂಗಡಿಯ ಜಾಹೀರಾತು ತಾನೇ ಎಂಬ ಇನ್ನೊಂದು ಮಾತೂ ಇದೆ. ಕ್ಯಾಲೆಂಡರು ಚಿತ್ರಗಳನ್ನು ಆಳವಾಗಿ ಅಧ್ಯಯನ ಮಾಡಿದ ಕಜ್ರಿ ಜೈನ್ ತೋರಿಸಿರುವಂತೆ, ಈ ಉಡುಗೊರೆ ಬಜಾರಿನ ನಂಬಿಕೆಯ ಸಂಬಂಧಗಳ ಭಾಗ. ಅಂಗಡಿಯವನ ಹೆಸರು ವರ್ಷವಿಡೀ ಕಣ್ಣೆದುರು ಇರಲಿ ಎಂದು ಕೊಟ್ಟದ್ದು ನಿಜ. ಕೊಟ್ಟವನ ಉದ್ದೇಶ ಹಾಳೆಯ ಅಂಚಿನಲ್ಲಿ ನಿಂತಿತು, ನಡುವಿನ ಮೂವತ್ತು ಚೌಕ ಮನೆಯವರದಾಯಿತು.

ಗಟ್ಟಿಯಾದ ಆಕ್ಷೇಪ ಪಂಚಾಂಗ ಶ್ರವಣದ ಪರವಾದದ್ದು. ಬೇವುಬೆಲ್ಲ ತಿಂದ ದಿನ ಊರವರೆಲ್ಲ ಒಂದೆಡೆ ಕೂತು ಸಂವತ್ಸರದ ಫಲ, ಮಳೆ ಬೆಳೆ, ರಾಶಿಯ ಆಯವ್ಯಯ ಕೇಳುವುದರಲ್ಲಿ ಒಂದು ಕೂಟದ ಸುಖವಿತ್ತು. ಒಬ್ಬರ ರಾಶಿಗೆ ವ್ಯಯ ಹೆಚ್ಚೆಂದಾಗ ಇನ್ನೊಬ್ಬರು ಛೇಡಿಸುವ ಸಲಿಗೆಯಿತ್ತು. ಗೋಡೆಯ ಹಾಳೆಯನ್ನು ಒಬ್ಬೊಬ್ಬರೇ ನೋಡುತ್ತಾರೆ. ಈ ನಷ್ಟವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಶ್ರವಣ ಇಂದಿಗೂ ಅನೇಕ ದೇವಸ್ಥಾನಗಳಲ್ಲಿ ನಡೆಯುತ್ತಿದೆ, ಒಂಟಿಕೊಪ್ಪಲ್ ಪಂಚಾಂಗದಂಥ ಪುಸ್ತಕಗಳನ್ನು ಜನ ಯುಗಾದಿಗೆ ಮುಂಚೆ ಕೊಳ್ಳುತ್ತಲೇ ಇದ್ದಾರೆ. ಕೂಟ ಸಣ್ಣದಾಗಿದ್ದರೆ ಊರು ಬಿಟ್ಟು ಕೆಲಸಕ್ಕೆ ಹೋದವರ ಸಂಖ್ಯೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆ ಸುಖ ಎಲ್ಲರಿಗೂ ಸಮಾನವಾಗಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ: ದೇವಸ್ಥಾನದ ಒಳಗೆ ಕಾಲಿಡಲು ಬಿಡದಿದ್ದ ಜನರ ಮನೆಗೂ ಶೆಟ್ಟರ ಅಂಗಡಿಯ ಕ್ಯಾಲೆಂಡರು ಹೋಯಿತು, ಅವರೂ ತಮ್ಮ ಮಗುವಿನ ನಾಮಕರಣಕ್ಕೆ ತಾವೇ ದಿನ ನೋಡಿಕೊಂಡರು.

ಅಚ್ಚು ಎಲ್ಲವನ್ನೂ ಒಂದೇ ಅಚ್ಚಿಗೆ ಎರೆಯಿತು ಎಂಬ ಆತಂಕಕ್ಕೆ ಹಾಳೆಯೇ ಉತ್ತರ ಕೊಡುತ್ತದೆ. ಸ್ಮಾರ್ತರ ಏಕಾದಶಿ ಇಂದು, ವೈಷ್ಣವರದು ನಾಳೆ ಎಂದು ಎರಡನ್ನೂ ಅಚ್ಚು ಹಾಕುವ ಹಳೆಯ ಪದ್ಧತಿ ಈಗಲೂ ನಿಂತಿಲ್ಲ. ಮಂಗಳೂರಿನ ಕಡೆಯ ಕ್ಯಾಲೆಂಡರುಗಳಲ್ಲಿ ಆಟಿ, ಸೋಣ ಎಂಬ ತುಳು ತಿಂಗಳುಗಳ ಹೆಸರಿದೆ, ಕ್ರೈಸ್ತರ ಹಬ್ಬಗಳಿವೆ. ಕಲ್ಯಾಣ ಕರ್ನಾಟಕದ ಕಡೆ ಹೋದಂತೆ ಉರ್ದು ಅಂಕಿಗಳು ಮೂಲೆಯಲ್ಲಿ ಸೇರಿಕೊಳ್ಳುತ್ತವೆ. ಈಗ ಮೊಬೈಲು ಇಷ್ಟನ್ನೂ ಕ್ಷಣದಲ್ಲಿ ತೋರಿಸುತ್ತದೆ, ನೆನಪಿನ ಗಂಟೆಯನ್ನೂ ಬಾರಿಸುತ್ತದೆ. ಆದರೆ ಮೊಬೈಲು ಒಬ್ಬರದು, ಅದಕ್ಕೆ ಬೀಗವಿದೆ. ಗೋಡೆಯ ಹಾಳೆಯಲ್ಲಿ ಅತ್ತೆ ಬರೆದದ್ದನ್ನು ಸೊಸೆ ಓದುತ್ತಾಳೆ, ಸೊಸೆ ಹಾಕಿದ ಗೆರೆಯನ್ನು ಹಾಲಿನವನು ಒಪ್ಪುತ್ತಾನೆ, ಶಾಲೆಯ ಪ್ರವಾಸದ ದಿನವನ್ನು ಮಗು ಕೆಂಪು ಶಾಯಿಯಲ್ಲಿ ಸುತ್ತುತ್ತದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಡಿಸೆಂಬರ್ ಬಂತೆಂದರೆ ಇಂದಿಗೂ ಕ್ಯಾಲೆಂಡರಿನ ಸುರುಳಿಗಳನ್ನು ರಾಶಿ ಹಾಕಿ ಮಾರುತ್ತಾರೆ. ಕೊಳ್ಳುವವರು ಬಿಡಿಸಿ ಮೊದಲು ನೋಡುವುದು ಚೌಕದ ಅಗಲವನ್ನು, ಒಳಗೆ ಬರೆಯಲು ಎಷ್ಟು ಜಾಗವಿದೆ ಎಂಬುದನ್ನು.