ತಕ್ಕಡಿ ಏರುವಾಗ ಟ್ಯಾಂಕ್ ಖಾಲಿ

ತುಮರಿಯವರಿಗೆ ಭಾರದ ಲೆಕ್ಕ ಹೊಸತಲ್ಲ. 1960ರ ದಶಕದಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ತುಂಬಿದ ಮೇಲೆ, ದಶಕಗಳ ಕಾಲ ಸಾಗರದ ಕಡೆ ಹೊರಟವರು ಕಳಸವಳ್ಳಿಯಿಂದ ಅಂಬಾರಗೋಡ್ಲಿಗೆ ಲಾಂಚ್ ಹತ್ತಬೇಕಿತ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದರೆ ವಾಹನಗಳನ್ನು ದಡದಲ್ಲೇ ಬಿಟ್ಟು ಜನರನ್ನಷ್ಟೇ ದಾಟಿಸುತ್ತಿದ್ದರು. 2025ರ ಜುಲೈ 14ರಂದು ಸೇತುವೆ ತೆರೆಯಿತು. ಯಾವುದನ್ನು ಭಾರವೆಂದು ಎಣಿಸುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ದಡದಲ್ಲಿ ಕಾದು ನಿಂತವರಿಗೆ, ರೇಡಿಯೊ ನಿಯಂತ್ರಿತ ಮಾದರಿ ವಿಮಾನಗಳ ಸ್ಪರ್ಧೆಯ ಒಂದು ಜಗಳ ಬೇಗ ಅರ್ಥವಾದೀತು.

ಈ ವಿಮಾನಗಳ ಕಸರತ್ತಿನ ವಿಶ್ವ ಚಾಂಪಿಯನ್‌ಷಿಪ್ 1960ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಶುರುವಾಯಿತು. ಮೊದಲ ಸಲ ಗೆದ್ದವರು ಅಮೆರಿಕದ ಎಡ್ ಕಜ್‌ಮಿರ್ಸ್ಕಿ. ನಿಯಮ ಬರೆಯುವುದು 1905ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ವೈಮಾನಿಕ ಒಕ್ಕೂಟ, ಅಂದರೆ ಎಫ್‌ಎಐ. ಎಫ್-ತ್ರೀ-ಎ ಎಂಬ ಈ ವಿಭಾಗಕ್ಕೆ ಅದು ಗಟ್ಟಿ ಮಾಡಿದ ಅಳತೆ ಹೀಗಿತ್ತು: ಉದ್ದ 2 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 2 ಮೀಟರ್, ತೂಕ 5 ಕಿಲೋ.

ಮಿತಿ ಯಾಕೆ ಬೇಕು? ಭಾರದ ವಿಮಾನ ಕೈತಪ್ಪಿದರೆ ಪೆಟ್ಟೂ ದೊಡ್ಡದು. ಜೊತೆಗೆ ದುಡ್ಡಿದ್ದವನು ದೊಡ್ಡ ವಿಮಾನ, ದೊಡ್ಡ ಎಂಜಿನ್ ತಂದು ಗೆಲ್ಲಬಾರದು. ಆದದ್ದು ಮಾತ್ರ ಬೇರೆ. ಆಕಾರ ಹಿಗ್ಗಿಸಿ ತೂಕ ಮಾತ್ರ 5 ಕಿಲೋದೊಳಗೆ ಹಿಡಿಯಬೇಕೆಂದರೆ ಬಾಲ್ಸಾ ಮರವನ್ನೂ ಆರಿಸಿ ತರಬೇಕು, ಕಾರ್ಬನ್ ನಾರು ಬೇಕು, ಸ್ಕ್ರೂ ಕೂಡ ತೂಗಿ ಹಾಕಬೇಕು. ಹೆಚ್ಚು ಭಾರಕ್ಕೆ ಹೆಚ್ಚು ಬೆಲೆ ಎನ್ನುವುದು ಅಡಿಕೆ ಮಂಡಿಯ ಲೆಕ್ಕ. ಇಲ್ಲಿ ಕಡಿಮೆಯಾದ ಪ್ರತಿ ಗ್ರಾಮಿಗೂ ಬೆಲೆ ಏರುತ್ತದೆ. ಬಡವನನ್ನು ಕಾಯಲು ಹಾಕಿದ ಬೇಲಿಯ ಒಳಗೇ ಸಿರಿವಂತ ಬೆಳೆ ತೆಗೆದ.

ಜಗಳ ಹುಟ್ಟಿದ್ದು ತೂಗುವ ಹೊತ್ತಿನ ಬಗ್ಗೆ. ನಿಯಮ ಹುಟ್ಟಿದ ಕಾಲದಲ್ಲಿ ಎಲ್ಲರದೂ ಮೆಥನಾಲ್ ಕುಡಿಯುವ ಗ್ಲೋ ಎಂಜಿನ್. ಹಾಗಾಗಿ ‘ಇಂಧನ ಬಿಟ್ಟು ತೂಕ’ ಎಂದು ಬರೆದರು, ಯಾರಿಗೂ ನಷ್ಟವಿರಲಿಲ್ಲ. 2000ದ ನಂತರ ಲಿಥಿಯಂ ಪಾಲಿಮರ್ ಬ್ಯಾಟರಿ ಬಂತು, ವಿದ್ಯುತ್ ಮೋಟರ್ ಕಸರತ್ತಿಗೆ ಸಾಕಾಗುವಷ್ಟು ಬಲವಾಯಿತು. ಆಗ ಬ್ಯಾಟರಿ ಇಂಧನವೋ, ವಿಮಾನದ ಅಂಗವೋ ಎಂಬ ಪ್ರಶ್ನೆ ಎದ್ದಿತು. ನಿಯಮದ ಉತ್ತರ: ಅಂಗ. ಇಂಧನ ಬಿಟ್ಟು, ಬ್ಯಾಟರಿ ಸೇರಿಸಿ ತೂಗಬೇಕು.

ಈ ವಿಭಾಗದ ಹತ್ತು ಕೋಶದ ಬ್ಯಾಟರಿಯೊಂದು ಸುಮಾರು 1.2 ಕಿಲೋ. 5 ಕಿಲೋದಲ್ಲಿ ಹತ್ತಿರಹತ್ತಿರ ಕಾಲು ಭಾಗ ತಕ್ಕಡಿಯ ಬಳಿಯೇ ಹೋಯಿತು. ಪಕ್ಕದ ಎಂಜಿನ್‌ನವನು ಖಾಲಿ ಟ್ಯಾಂಕಿನಲ್ಲಿ 5 ಕಿಲೋ ತೂಗಿಸಿ, ಆಮೇಲೆ ಟ್ಯಾಂಕ್ ತುಂಬಿ, ಮಿತಿ ಮೀರಿದ ಭಾರದಲ್ಲೇ ನೆಲ ಬಿಡಬಹುದಿತ್ತು. ಅವನ ವಾದವನ್ನೂ ಕೇಳಬೇಕು: ಅವನ ವಿಮಾನ ಹಾರುತ್ತಾ ಹಗುರಾಗುತ್ತದೆ, ಮೊದಲ ಸುತ್ತಿನ ಕೈ ಕೊನೆಯ ಸುತ್ತಿಗೆ ಸರಿಹೊಂದುವುದಿಲ್ಲ. ಬ್ಯಾಟರಿ ಬರಿದಾದರೂ ತೂಕ ಇಳಿಯದು. ಇಳಿಯುವ ತನಕ ವಿಮಾನದ ಸ್ವಭಾವ ಒಂದೇ. ಆದರೂ ನನಗೆ ಇದು ಸಮ ತಕ್ಕಡಿ ಅನಿಸುವುದಿಲ್ಲ. ಹಳೆಯ ಯಂತ್ರವನ್ನು ಕಣ್ಣೆದುರು ಇಟ್ಟುಕೊಂಡು ಬರೆದ ಸಾಲು ಹೊಸ ಯಂತ್ರದ ಮೇಲೆ ದಂಡವಾಗಿ ಬಿತ್ತು. ವಿಚಿತ್ರವೆಂದರೆ ದಂಡ ಕಟ್ಟಿಯೂ ವಿದ್ಯುತ್ತೇ ಗೆದ್ದಿತು. ಮೋಟರಿನ ನಡುಕ ಕಡಿಮೆಯಾದ್ದರಿಂದ ಒಡಲನ್ನು ಇನ್ನೂ ತೆಳುವಾಗಿ ಕಟ್ಟಬಹುದು. ಉಳಿಸಿದ ಗ್ರಾಮುಗಳನ್ನು ಬ್ಯಾಟರಿಗೆ ಕೊಟ್ಟರು. ಇಂದು ಈ ವಿಭಾಗದ ಮೇಲಿನ ಸಾಲಿನಲ್ಲಿ ಹಾರುವುದು ಬಹುತೇಕ ವಿದ್ಯುತ್ ವಿಮಾನಗಳೇ.

ನಮ್ಮ ದೇಶದ 2021ರ ಡ್ರೋನ್ ನಿಯಮಗಳು ಬೇರೆ ದಾರಿ ಹಿಡಿದಿವೆ. ಕಲಿಕೆಗೆ, ಸಂಶೋಧನೆಗೆ, ಮೋಜಿಗೆ ಕಣ್ಣಳತೆಯಲ್ಲಿ ಹಾರಿಸುವ ಮಾದರಿ ವಿಮಾನ 25 ಕಿಲೋದವರೆಗೆ ಇರಬಹುದು, ಅದಕ್ಕೆ ಮಾದರಿ ಪ್ರಮಾಣಪತ್ರ ಬೇಡ. ಆ 25 ಕಿಲೋ ಒಟ್ಟು ಭಾರ: ನೆಲ ಬಿಡುವಾಗ ಏನೇನಿದೆಯೋ ಅಷ್ಟೂ, ಬ್ಯಾಟರಿಯೂ ಸೇರಿ, ತುಂಬಿದ ಟ್ಯಾಂಕೂ ಸೇರಿ.