ಹುಲಿ ಯಾರದು, ಹಸು ಯಾರದು?

2025ರ ಜೂನ್ ಕೊನೆಯ ವಾರ. ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ, ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹತ್ತಿರದಲ್ಲೇ ಹಸುವೊಂದರ ಕಳೇಬರ ಇತ್ತು. ಹುಲಿ ಹೊಡೆದ ಹಸು ಅದು. ತಿಂದು ಉಳಿದದ್ದಕ್ಕೆ ವಿಷ ಹಾಕಲಾಗಿತ್ತು. ಹೊಡೆದ ಬೇಟೆಯನ್ನು ತಿನ್ನಲು ಹುಲಿ ಮತ್ತೆ ಬರುತ್ತದೆ ಎಂಬುದು ಕಾಡಂಚಿನವರಿಗೆಲ್ಲ ಗೊತ್ತು. ಹಾಗೇ ಬಂತು. ಜೊತೆಗೆ ಮರಿಗಳೂ ಬಂದವು.

ಸುದ್ದಿ ಒಂದೇ ದಿನದಲ್ಲಿ ಎಲ್ಲರ ಮೊಬೈಲಿಗೂ ಬಂತು. ಕೆಲವರ ಬಂಧನವಾಯಿತು. ಐದು ಹುಲಿ ಒಟ್ಟಿಗೆ ಸತ್ತಿದ್ದಕ್ಕೆ ನಾಡೇ ಮರುಗಿತು. ಅದು ಸರಿಯೇ. ಆದರೆ ಇದು ನಡೆದದ್ದು ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಬೆಟ್ಟದಲ್ಲಿ ಅನ್ನುವುದನ್ನು ನೆನೆದರೆ ಒಂದು ಪ್ರಶ್ನೆ ಏಳುತ್ತದೆ. ಹುಲಿಗೆ ಕೈ ಮುಗಿಯುವ ನೆಲದಲ್ಲಿ ಹುಲಿಗೆ ವಿಷ ಹಾಕುವ ಹಂತಕ್ಕೆ ನಾವು ಬಂದದ್ದು ಹೇಗೆ?

ಉತ್ತರ ಹುಡುಕಲು ಇದೇ ಜಿಲ್ಲೆಯ ಹಳೆಯ ದಿನಗಳಿಗೆ ಹೋಗಿ ಬರೋಣ.

ದೇವರ ಹುಲಿ

ಮಾದಪ್ಪನ ಕಥೆಯನ್ನು ಕಂಸಾಳೆಯವರು, ದೇವರಗುಡ್ಡರು ತಲೆಮಾರುಗಳಿಂದ ಹಾಡುತ್ತಾ ಬಂದಿದ್ದಾರೆ. ಹುಲಿಯ ಮೇಲೆ ಕೂತು ಏಳು ಮಲೆ ಸುತ್ತುವ ದೇವರು ಆತ. ಬೆಟ್ಟದಲ್ಲಿ ಇವತ್ತಿಗೂ ಹುಲಿವಾಹನದ ಸೇವೆ ನಡೆಯುತ್ತದೆ. ಪಕ್ಕದ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ ಹುಲಿ ಪೂಜೆಗೆ ಸಲ್ಲುವ ಪ್ರಾಣಿ.

ಹಾಗಂತ ಹಿಂದಿನವರು ಹುಲಿಯನ್ನು ಕೊಲ್ಲುತ್ತಲೇ ಇರಲಿಲ್ಲ ಎಂದುಕೊಳ್ಳಬೇಡಿ. ನಮ್ಮ ನಾಡಿನ ಊರೂರುಗಳಲ್ಲಿ ವೀರಗಲ್ಲುಗಳಿವೆ. ಹುಲಿಯ ಜೊತೆ ಹೋರಾಡಿ ಸತ್ತವರ ಕಲ್ಲುಗಳೂ ಅವುಗಳಲ್ಲಿವೆ. ಒಬ್ಬ ಮನುಷ್ಯ, ಎದುರಿಗೆ ಎದ್ದು ನಿಂತ ಹುಲಿ, ನಡುವೆ ಒಂದು ಕಠಾರಿಯೋ ಈಟಿಯೋ. ಅಂಗಡಿ ಎಂಬ ಊರಿನಲ್ಲಿ ಸಳ ಹುಲಿ ಹೊಡೆದ ಕಥೆಯೇ ಹೊಯ್ಸಳರ ಲಾಂಛನವಾಯಿತು. ಕೊಡಗಿನಲ್ಲಿ ಹುಲಿ ಹೊಡೆದವನಿಗೆ ಮದುವೆಯ ಹಾಗೆ ಮಂಟಪದಲ್ಲಿ ಕೂರಿಸಿ ‘ನರಿ ಮಂಗಲ’ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ.

ಪೂಜೆಯೂ ಇತ್ತು, ಕೊಲೆಯೂ ಇತ್ತು. ಆದರೆ ಎರಡೂ ಊರೆದುರಿಗೆ ನಡೆಯುತ್ತಿದ್ದವು.

ಬಲೆ ಕಟ್ಟುತ್ತಿದ್ದ ಕಾಲ

ಈ ಮಾತಿಗೆ ಒಳ್ಳೆಯ ಸಾಕ್ಷಿ ಜಿ.ಪಿ. ಸ್ಯಾಂಡರ್ಸನ್. 1864ರಲ್ಲಿ ಮೈಸೂರಿಗೆ ಬಂದ ಈತ ಮೊದಲು ಕಾಲುವೆಗಳ ಕೆಲಸ ನೋಡಿಕೊಂಡ. ಆಮೇಲೆ ಚಾಮರಾಜನಗರದ ಸುತ್ತಲಿನ ಕಾಡಿನಲ್ಲಿ ಆನೆ ಹಿಡಿಯುವ ಖೆಡ್ಡಾ ಶುರು ಮಾಡಿದ. ಹದಿಮೂರು ವರ್ಷದ ಕಾಡಿನ ಅನುಭವವನ್ನು 1878ರಲ್ಲಿ ಪುಸ್ತಕ ಮಾಡಿದ. ಆತನೂ ಬೇಟೆಗಾರನೇ, ಹುಲಿ ಹೊಡೆದವನೇ. ಆದರೆ ನಮ್ಮ ಹಳ್ಳಿಯವರು ಹುಲಿಯ ಜೊತೆ ಹೇಗೆ ಬದುಕುತ್ತಿದ್ದರು ಎಂಬುದನ್ನು ಕಣ್ಣಾರೆ ನೋಡಿ ಬರೆದಿದ್ದಾನೆ.

ದನಕ್ಕೆ ತೀರಾ ಕಾಟ ಕೊಡುವ ಹುಲಿ ಇದ್ದರೆ ಊರವರೆಲ್ಲ ಸೇರಿ ಬಲೆ ಕಟ್ಟುತ್ತಿದ್ದರು. ಹುಲಿ ಅಡಗಿದ ಪೊದೆಯ ಸುತ್ತ ಹಗ್ಗದ ಬಲೆ ನಿಲ್ಲಿಸಿ, ರಾತ್ರಿಯೆಲ್ಲ ಬೆಂಕಿ ಹಾಕಿ ಕಾದು, ಕೊನೆಗೆ ಈಟಿಯಿಂದ ಹೊಡೆಯುತ್ತಿದ್ದರು. ಇದಕ್ಕೆ ತುಂಬಾ ಜನ ಬೇಕು, ಧೈರ್ಯ ಬೇಕು, ಹೊಲದ ಕೆಲಸ ಬಿಟ್ಟು ಬರುವಷ್ಟು ಕಾರಣವೂ ಬೇಕು. ಕಂಡ ಕಂಡ ಹುಲಿಗೆಲ್ಲ ಯಾರೂ ಹೀಗೆ ಬಲೆ ಕಟ್ಟುವುದಿಲ್ಲ. ಯಾವ ಹುಲಿ ಕಾಟ ಕೊಡುತ್ತಿದೆ ಎಂದು ಊರೇ ಕೂತು ತೀರ್ಮಾನಿಸಬೇಕು.

ಸ್ಯಾಂಡರ್ಸನ್ ಹುಲಿಗಳನ್ನು ಮೂರು ಬಗೆ ಮಾಡುತ್ತಾನೆ. ಕಾಡುಪ್ರಾಣಿಯನ್ನೇ ತಿಂದು ಬದುಕುವವು, ದನ ಹಿಡಿಯುವವು, ಅಪರೂಪಕ್ಕೆ ನರಭಕ್ಷಕ. ಎಲ್ಲವನ್ನೂ ಒಂದೇ ಎಂದು ಕೊಲ್ಲುವುದು ತಪ್ಪು ಎನ್ನುವುದು ಅವನ ವಾದ. ಕಡವೆ, ಜಿಂಕೆ, ಹಂದಿಗಳನ್ನು ಹುಲಿ ತಿನ್ನದೇ ಹೋದರೆ ರೈತನ ಬೆಳೆ ಉಳಿಯುವುದಿಲ್ಲ ಎಂದು ಆತ ಸುಮಾರು 150 ವರ್ಷದ ಹಿಂದೆಯೇ ಬರೆದ. ಹೊಲಕ್ಕೆ ಹಂದಿ ನುಗ್ಗಿ ಜೋಳ ಹಾಳಾದ ಬೆಳಿಗ್ಗೆ ನಿಮಗೂ ಈ ಮಾತು ಸರಿ ಅನ್ನಿಸಬಹುದು.

ತಲೆಗೆ ಬಹುಮಾನ

ಆದರೆ ಅಂದಿನ ಬ್ರಿಟಿಷ್ ಸರ್ಕಾರಕ್ಕೆ ಈ ಲೆಕ್ಕ ಬೇಕಿರಲಿಲ್ಲ. ಕಾಡು ಕಡಿದು ಕಂದಾಯದ ಭೂಮಿ ಹೆಚ್ಚಿಸಬೇಕಿತ್ತು. ಹುಲಿ, ಚಿರತೆ, ತೋಳ ಎಲ್ಲವೂ ಅದಕ್ಕೆ ಅಡ್ಡಿ. ಕೊಂದು ತಂದವರಿಗೆ ಬಹುಮಾನ ಘೋಷಣೆಯಾಯಿತು. ಇತಿಹಾಸಕಾರ ಮಹೇಶ್ ರಂಗರಾಜನ್ ಅವರ ಲೆಕ್ಕದ ಪ್ರಕಾರ 1875ರಿಂದ 1925ರವರೆಗಿನ 50 ವರ್ಷದಲ್ಲಿ 80,000ಕ್ಕೂ ಹೆಚ್ಚು ಹುಲಿ, 1,50,000ಕ್ಕೂ ಹೆಚ್ಚು ಚಿರತೆ, 2,00,000 ತೋಳಗಳು ಸತ್ತವು. ಊರು ಕೂತು ಯಾವ ಹುಲಿ ಎಂದು ತೀರ್ಮಾನಿಸುವ ಅಗತ್ಯವೇ ಉಳಿಯಲಿಲ್ಲ. ಹುಲಿ ಎಂದರೆ ಸಾಕು, ಅದಕ್ಕೊಂದು ಬೆಲೆ.

ಮೈಸೂರಿನ ಅರಸರ ದಾರಿ ಸ್ವಲ್ಪ ಬೇರೆ. ಹುಲಿ ಬೇಟೆ ಅವರಿಗೆ ರಾಜಮರ್ಯಾದೆಯ ವಿಷಯ. ಅದಕ್ಕಾಗಿ ಕಾಡನ್ನೂ ಕಾಯ್ದಿಟ್ಟರು. ಬಂಡೀಪುರದಲ್ಲಿ 1931ರಲ್ಲಿ 90 ಚದರ ಕಿಲೋಮೀಟರ್ ಕಾಡನ್ನು ಅಭಯಾರಣ್ಯ ಮಾಡಿದರು. 1941ರಲ್ಲಿ ಅದು ಇನ್ನೂ ದೊಡ್ಡದಾಗಿ ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ದೇವರ ಹುಲಿ ಅರಸರ ಹುಲಿಯಾದದ್ದು ಹೀಗೆ.

ಸ್ವಾತಂತ್ರ್ಯ ಬಂದ ಮೇಲೆ ಹಳ್ಳಿಗೆ ಇನ್ನೊಂದು ವಸ್ತು ಬಂತು: ಬೆಳೆಗೆ ಹೊಡೆಯುವ ಕೀಟನಾಶಕ. ನಮ್ಮ ಹಿರಿಯರಿಗೆ ಫಾಲಿಡಾಲ್ ಎಂಬ ಹೆಸರು ಚೆನ್ನಾಗಿ ಗೊತ್ತು. ಬಲೆಗೆ ಊರು ಬೇಕಿತ್ತು, ಕೋವಿಗೆ ಗುರಿ ಬೇಕಿತ್ತು. ವಿಷಕ್ಕೆ ಒಬ್ಬ ಸಾಕು, ಒಂದು ಬಾಟಲಿ ಸಾಕು. ಕಾಟ ಕೊಟ್ಟ ಹುಲಿ ಯಾವುದು, ಕೊಡದ ಹುಲಿ ಯಾವುದು ಎಂದು ವಿಷ ನೋಡುವುದಿಲ್ಲ. ಹುಲಿಮರಿ, ನರಿ, ರಣಹದ್ದು, ಊರ ನಾಯಿ, ಯಾವುದು ತಿಂದರೂ ಸಾಯುತ್ತದೆ.

ಸರ್ಕಾರದ ಹುಲಿ

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದೇ ವರ್ಷದ ಎಣಿಕೆಯಲ್ಲಿ ದೇಶದಲ್ಲಿ ಉಳಿದ ಹುಲಿಗಳು ಸುಮಾರು 1,827. ಮರುವರ್ಷ ಹುಲಿ ಯೋಜನೆ ಶುರುವಾದಾಗ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಹುಲಿ ಕೊಂದರೆ ಈಗ ಕನಿಷ್ಠ ಮೂರು ವರ್ಷ, ಹೆಚ್ಚೆಂದರೆ ಏಳು ವರ್ಷ ಜೈಲು. ಮನುಷ್ಯರ ಜೀವಕ್ಕೆ ಅಪಾಯವಾದ ಹುಲಿಯನ್ನೂ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಆದೇಶವಿಲ್ಲದೆ ಮುಟ್ಟುವ ಹಾಗಿಲ್ಲ.

ಈ ಕಾಯ್ದೆಯಿಂದ ಹುಲಿ ಉಳಿಯಿತು. ಇದರಲ್ಲಿ ಅನುಮಾನವಿಲ್ಲ. ಕರ್ನಾಟಕದಲ್ಲಿ 2014ರಲ್ಲಿ 406 ಇದ್ದ ಹುಲಿಗಳು 2022ರ ಎಣಿಕೆಗೆ 563 ಆದವು. ಬಂಡೀಪುರ ಹುಲಿ ಮೀಸಲೊಂದರಲ್ಲೇ 150 ಹುಲಿ ಲೆಕ್ಕಕ್ಕೆ ಸಿಕ್ಕವು.

ಆದರೆ ಕಾಡಿನಲ್ಲೇ ಇದ್ದ ಜನ ಬೆಲೆ ತೆತ್ತರು. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾದಾಗ ಸೋಲಿಗರ ಬೇಟೆ ನಿಂತಿತು. ಜಾಗ ಬದಲಿಸಿ ಬೇಸಾಯ ಮಾಡುವುದೂ ನಿಂತಿತು. ಅವರು ಪೋಡು ಬಿಟ್ಟು ಸರ್ಕಾರ ತೋರಿಸಿದ ಕಡೆ ನೆಲೆಸಬೇಕಾಯಿತು. ಬೇಸಿಗೆಗೆ ಮುಂಚೆ ಒಣ ಎಲೆಗೆ ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿತು. ಅದು ನಿಂತ ಮೇಲೆ ಲಂಟಾನ ಹಬ್ಬಿ ಹುಲ್ಲು ಕಡಿಮೆಯಾಯಿತು ಎಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. 2011ರಲ್ಲಿ ಆ ಕಾಡು ಹುಲಿ ಮೀಸಲಾಯಿತು. ಅದೇ ವರ್ಷ ಸೋಲಿಗರ 25 ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕೂ ಸಿಕ್ಕಿತು. ಹುಲಿಯೂ ಇರಲಿ, ನಾವೂ ಇರುತ್ತೇವೆ ಎಂದು ಕಾನೂನಿನ ದಾರಿಯಲ್ಲೇ ಹೋಗಿ ಅವರು ಗೆದ್ದ ಹಕ್ಕು ಅದು.

ಹಸು ಮಾತ್ರ ಮನೆಯದೇ

ಒಂದು ವಿಷಯ ಗಮನಿಸಿ. ಹುಲಿ ದೇವರದಾಯಿತು, ಅರಸರದಾಯಿತು, ಈಗ ಸರ್ಕಾರದ್ದು. ಹಸು ಮಾತ್ರ ಎಲ್ಲ ಕಾಲದಲ್ಲೂ ಒಂದು ಮನೆಯದು. ಅದು ಸತ್ತರೆ ನಷ್ಟವೂ ಆ ಮನೆಯದೇ.

ಮಾದಪ್ಪನ ಬೆಟ್ಟದ ಸುತ್ತ ಕಾಡಿನಲ್ಲಿ ದೊಡ್ಡಿ ಹಾಕಿ ದನ ಸಾಕುವುದು ಹಳೆಯ ಪದ್ಧತಿ. ಆಲಂಬಾಡಿ, ಬರಗೂರು ತಳಿಗಳು ಇಂತಹ ಕಾಡಿನಲ್ಲೇ ಬೆಳೆದವು. ಗುಂಡ್ಲುಪೇಟೆ ಕಡೆ ಹಂಗಳದ ಸುತ್ತ ದನ ಸಾಕುವುದರಲ್ಲಿ ಗೊಬ್ಬರದ ವ್ಯಾಪಾರವೂ ಸೇರಿಕೊಂಡಿದೆ. ಬೇರೆ ಕಡೆಯ ಕಾಫಿ ತೋಟಗಳಿಗೆ ಸಗಣಿ ಗೊಬ್ಬರ ಹೋಗುತ್ತದೆ, ಮೇವು ಮಾತ್ರ ಇಲ್ಲಿನ ಕಾಡಿನಿಂದ ಬರಬೇಕು. ಹಾಗಾಗಿ ಹಸು ಸತ್ತರೆ ಹೋಗುವುದು ಹಾಲು ಮಾತ್ರವಲ್ಲ. ಗೊಬ್ಬರ, ಕರು, ಕಷ್ಟಕಾಲಕ್ಕೆ ಮಾರಬಹುದಾಗಿದ್ದ ಆಸ್ತಿ, ಎಲ್ಲವೂ ಒಂದೇ ರಾತ್ರಿಯಲ್ಲಿ ಹೋಗುತ್ತದೆ.

ಪರಿಹಾರ ಇದೆ, ನಿಜ. ಅದು ಸಿಗಬೇಕಾದರೆ ಕಳೇಬರ ಬಿದ್ದಲ್ಲೇ ಇರಬೇಕು, ಅರಣ್ಯ ಸಿಬ್ಬಂದಿ ಬರಬೇಕು, ಪಶುವೈದ್ಯರು ನೋಡಬೇಕು, ಮಹಜರು ಆಗಬೇಕು, ಕಾಗದ ಕಚೇರಿ ತಲುಪಬೇಕು. ಕಾಡಿನೊಳಗೆ ಮೇಯುವಾಗ ಸತ್ತ ದನವಾದರೆ ಕೇಳಲು ಬಾಯೇ ಬರುವುದಿಲ್ಲ. 2015ರಲ್ಲಿ ಬಂಡೀಪುರ, ನಾಗರಹೊಳೆ ಸುತ್ತಲಿನ ಹಳ್ಳಿಗಳಲ್ಲಿ ‘ವೈಲ್ಡ್ ಸೇವೆ’ ಎಂಬ ಕೆಲಸ ಶುರುವಾಯಿತು. ಫೋನ್ ಮಾಡಿದರೆ ಊರಿಗೇ ಬಂದು ಪರಿಹಾರದ ಅರ್ಜಿ ತುಂಬಲು ನೆರವಾಗುತ್ತಾರೆ. ಅರ್ಜಿ ತುಂಬುವುದಕ್ಕೇ ಒಂದು ಸಂಸ್ಥೆ ಬೇಕಾಯಿತು ಎಂದರೆ ತೊಡಕು ಎಲ್ಲಿದೆ ಎಂದು ನೀವೇ ಯೋಚಿಸಿ.

ಹೂಗ್ಯಂ ಘಟನೆಯ ಬಳಿಕ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಲ್ಲಿಸಬೇಕೆಂಬ ಸೂಚನೆ ಸರ್ಕಾರದಿಂದ ಬಂತು. ಹನೂರು ಭಾಗದ ಜನ ವಿರೋಧಿಸಿದರು. ಮೇವು ಎಲ್ಲಿಂದ ತರುವುದು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಬೋನಿನೊಳಗೆ ಯಾರು?

ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಇನ್ನೊಂದು ಘಟನೆ ನಡೆಯಿತು. ಹುಲಿ ಹಿಡಿಯಿರಿ ಎಂದು ಕೇಳಿ ಕೇಳಿ ಸಾಕಾದ ಊರವರು ಹುಲಿಗೆ ಇಟ್ಟಿದ್ದ ಬೋನಿನಲ್ಲಿ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ವಿಡಿಯೊ ನೋಡಿ ಎಷ್ಟೋ ಜನ ನಕ್ಕರು. ಆದರೆ ಬೋನಿನಲ್ಲಿದ್ದವರು ರಾತ್ರಿ ಹಗಲು ಕಾಡು ಸುತ್ತುವ ಸಿಬ್ಬಂದಿ. ಅವರೂ ನಮ್ಮ ನಿಮ್ಮಂತಹ ಮನೆಯ ಮಕ್ಕಳೇ. ಹುಲಿಯ ಮೇಲಿನ ಸಿಟ್ಟು ಹುಲಿಯ ಒಡೆಯನ ಮೇಲೆ ತಿರುಗಿದಾಗ ಕೈಗೆ ಸಿಕ್ಕವರು ಅವರು.

ಎಲ್ಲ ಹುಲಿ, ಚಿರತೆಗಳನ್ನೂ ಹಿಡಿದು ದೂರ ಬಿಟ್ಟರೆ ಮುಗಿಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಮಹಾರಾಷ್ಟ್ರದ ಜುನ್ನರ್‌ನಲ್ಲಿ 2001ರಿಂದ 2003ರ ನಡುವೆ ಅದನ್ನೇ ಮಾಡಿದರು. ಕಬ್ಬಿನ ಗದ್ದೆಗಳಲ್ಲಿದ್ದ ಚಿರತೆಗಳನ್ನು ಹಿಡಿದು ಬೇರೆ ಕಾಡುಗಳಿಗೆ ಬಿಟ್ಟರು. ಜನರ ಮೇಲಿನ ದಾಳಿ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ವಿದ್ಯಾ ಆತ್ರೇಯ ಅವರು ಇದನ್ನು ಅಧ್ಯಯನ ಮಾಡಿ ತೋರಿಸಿದ್ದಾರೆ. ಗೊತ್ತಿಲ್ಲದ ಜಾಗಕ್ಕೆ ಬಿದ್ದ ಪ್ರಾಣಿ ದಿಕ್ಕೆಡುತ್ತದೆ. ಖಾಲಿಯಾದ ಜಾಗಕ್ಕೆ ಹೊಸದೊಂದು ಬರುತ್ತದೆ. ಮನುಷ್ಯರನ್ನು ಕೊಂದ ಹುಲಿಯನ್ನು ಹಿಡಿಯಲೇಬೇಕು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಬ್ಬರನ್ನು ಕೊಂದ ಹುಲಿಯನ್ನು ಜೀವಂತ ಹಿಡಿದು ಮೈಸೂರಿಗೆ ಸಾಗಿಸಿದರು. ಆದರೆ ಕಂಡದ್ದನ್ನೆಲ್ಲ ಹಿಡಿಯಿರಿ ಎಂದರೆ ಅದು ಬಹುಮಾನದ ಕಾಲದ ಲೆಕ್ಕವೇ.

ಲೆಕ್ಕ ತೀರಬೇಕು

ಹಿಂದಿನವರಿಗೆ ನಮಗಿಂತ ಕರುಣೆ ಜಾಸ್ತಿ ಇತ್ತು ಎಂದು ನಾನು ಹೇಳುತ್ತಿಲ್ಲ. ಬಲೆ ಕಟ್ಟುವ ಕಾಲಕ್ಕೆ ಮರಳಲೂ ಆಗದು, ಮರಳಲೂಬಾರದು. ಆದರೆ ಯಾವ ಹುಲಿ, ಏನು ತಪ್ಪು, ಏನು ಮಾಡಬೇಕು ಎಂದು ಕೇಳಲು ಆಗ ಊರು ಕೂಡುತ್ತಿತ್ತು. ಈಗ ಹುಲಿ ಸರ್ಕಾರದ್ದು, ನಷ್ಟ ಮನೆಯದು, ಊರಿಗೆ ಎರಡರಲ್ಲೂ ಪಾಲಿಲ್ಲ. ನಡುವೆ ಇರುವ ಖಾಲಿ ಜಾಗಕ್ಕೇ ವಿಷದ ಬಾಟಲಿ ಬಂದಿರುವುದು.

ಗ್ರಾಮಸಭೆಯಲ್ಲಿ ಇದನ್ನು ಎತ್ತಿ. ಕಳೆದ ವರ್ಷ ನಮ್ಮೂರಲ್ಲಿ ಎಷ್ಟು ದನ ಹೋದವು, ಎಷ್ಟಕ್ಕೆ ಅರ್ಜಿ ಹಾಕಿದರು, ಎಷ್ಟು ಜನರಿಗೆ ಹಣ ಬಂತು, ಎಷ್ಟು ದಿನಕ್ಕೆ ಬಂತು. ಈ ನಾಲ್ಕು ಸಾಲು ಗ್ರಾಮಸಭೆಯ ಪುಸ್ತಕದಲ್ಲಿ ಬರೆಸಿ. ಮೇವಿಗೆ ಏನು ದಾರಿ ಎಂದೂ ಕೇಳಿ. ರಾತ್ರಿ ದನವನ್ನು ಬಾಗಿಲಿರುವ ಕೊಟ್ಟಿಗೆಯಲ್ಲೇ ಕಟ್ಟಿ. ಹುಲಿ ಹಸು ಹೊಡೆದರೆ ಕಳೇಬರ ಮುಟ್ಟದೆ, ದೂರದಿಂದ ಫೋಟೊ ತೆಗೆದು, ತಕ್ಷಣ ಅರಣ್ಯ ಇಲಾಖೆಗೆ ಫೋನ್ ಮಾಡಿ. ಫೋನ್ ಮಾಡಿದ ಹೊತ್ತನ್ನು ಬರೆದಿಟ್ಟುಕೊಳ್ಳಿ.

ಸರ್ಕಾರ ಹುಲಿಯನ್ನು ತನ್ನದು ಎಂದ ದಿನವೇ ಅದು ಹೊಡೆದ ಹಸುವಿನ ಸಾಲವೂ ಸರ್ಕಾರದ ತಲೆಗೆ ಬಂತು. ಆ ಸಾಲವನ್ನು ಕೇಳಿ ಪಡೆಯುವುದು ನಮ್ಮ ಹಕ್ಕು. ಐದು ಹುಲಿ ಸತ್ತರೂ ಆ ಮನೆಗೆ ಹಸು ಮರಳಿ ಬರಲಿಲ್ಲ.