ನೈತಿಕ ಸ್ಥೈರ್ಯ, ಆಸ್ಪತ್ರೆ ನರ್ಸ್‌ಗಳಲ್ಲಿ (ಸೊರಬ–ಶಿಕಾರಿಪುರ)

ರೋಗಿಗೆ ಏನು ಮಾಡಬೇಕೆಂದು ಗೊತ್ತಿದ್ದೂ ಮಾಡಲಾಗದ ಇಕ್ಕಟ್ಟಿನಲ್ಲಿ, ಸರಿತಪ್ಪುಗಳ ಅರಿವನ್ನು ಮಂಕಾಗಗೊಡದೆ ಕರ್ತವ್ಯದಲ್ಲಿ ನಿಲ್ಲುವ ಶಕ್ತಿಯೇ ನೈತಿಕ ಸ್ಥೈರ್ಯ. ಇಂಥ ಇಕ್ಕಟ್ಟನ್ನು ‘ನೈತಿಕ ಸಂಕಟ’ವೆಂದು 1984ರಲ್ಲಿ ವಿವರಿಸಿದವರು ಅಮೆರಿಕದ ಆಂಡ್ರ್ಯೂ ಜೇಮ್‌ಟನ್. ಅದನ್ನು ತಾಳಿಕೊಳ್ಳುವ ಸ್ಥೈರ್ಯವನ್ನು ಕುರಿತ ಸಿಂಡಾ ರಶ್ಟನ್ ಅವರ ಗ್ರಂಥ 2018ರದು. ಈ ಚರ್ಚೆಯಲ್ಲಿ ಸ್ಥೈರ್ಯವನ್ನು ನರ್ಸ್‌ನ ಸ್ವಭಾವದೊಳಗೆ ಹುಡುಕುವವರೇ ಹೆಚ್ಚು. ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರ ತಾಲ್ಲೂಕುಗಳ ಚರಿತ್ರೆ ಮಾತ್ರ ಅದರ ಬೇರನ್ನು ಆಸ್ಪತ್ರೆಯ ವ್ಯವಸ್ಥೆಯಲ್ಲಿ ತೋರಿಸುತ್ತದೆ.

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದಾಗ ಹಳದಿ ಜ್ವರವಿರಬಹುದೇ ಎಂಬ ಆತಂಕ ಹುಟ್ಟಿತು. 1957ರಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನೇ ಪತ್ತೆಹಚ್ಚಿದರು. ಉಣ್ಣೆ ಕಚ್ಚಿ ಹರಡುವ ಈ ಮಂಗನ ಕಾಯಿಲೆ ಮೊದಲ ಹದಿನೈದು ವರ್ಷ ಬಹುಮಟ್ಟಿಗೆ ಸೊರಬ, ಸಾಗರ, ಶಿಕಾರಿಪುರಗಳ ಕಾಯಿಲೆಯಾಗಿತ್ತು. ಅದಕ್ಕೆ ನೇರ ಮದ್ದು ಇಂದಿಗೂ ಇಲ್ಲ. ಡ್ರಿಪ್ ಹಾಕುವುದು, ಜ್ವರ ಇಳಿಸುವುದು, ರಕ್ತಸ್ರಾವದ ಮೇಲೆ ಕಣ್ಣಿಡುವುದು, ಹೊತ್ತು ಮೀರುವ ಮುನ್ನ ದೊಡ್ಡಾಸ್ಪತ್ರೆಗೆ ಕಳಿಸುವುದು: ಚಿಕಿತ್ಸೆಯೆಂದರೆ ಇಷ್ಟೇ, ಇದರಲ್ಲಿ ಬಹುಪಾಲು ನರ್ಸ್‌ನ ಕೈಯಲ್ಲಿರುವ ಕೆಲಸ. ಆದರೂ ಕಾಯಿಲೆಯ ಕಥೆ ಹೇಳುವವರು ಮಂಗ, ಉಣ್ಣೆ, ವಿಜ್ಞಾನಿಗಳಲ್ಲೇ ನಿಂತುಬಿಡುತ್ತಾರೆ. ಈ ಕಾಯಿಲೆಯ ಲಸಿಕೆಯದು ಇನ್ನೂ ಕಠಿಣ ಪರೀಕ್ಷೆಯಾಗಿತ್ತು. ತಿಂಗಳ ಅಂತರದಲ್ಲಿ ಎರಡು ಡೋಸು, ಆಮೇಲೆ ಮತ್ತೆ ಮತ್ತೆ ಬೂಸ್ಟರು; ಚುಚ್ಚಿದ ಜಾಗದಲ್ಲಿ ನೋವು; ಅಷ್ಟಾದರೂ ಪೂರ್ಣ ರಕ್ಷಣೆಯಿರಲಿಲ್ಲ. ಹಳ್ಳಿಯವರನ್ನು ಒಪ್ಪಿಸಬೇಕಾಗಿದ್ದವರು ಕಿರಿಯ ಆರೋಗ್ಯ ಸಹಾಯಕಿಯರು. ಪರಿಣಾಮ ಸಾಲದೆಂದು 2022ರಲ್ಲಿ ಆ ಲಸಿಕೆ ನಿಂತಿತು. ಲಸಿಕೆಯ ಗುಣಮಟ್ಟ ಸಹಾಯಕಿಯ ಕೈಯಲ್ಲಿರಲಿಲ್ಲ. ಜನರೆದುರು ಅದಕ್ಕೆ ಹೊಣೆ ನಿಂತವಳು ಮಾತ್ರ ಅವಳೇ.

ಇಲ್ಲೊಂದು ಆಕ್ಷೇಪಕ್ಕೆ ಎಡೆಯಿದೆ. ಹೊನ್ನಾವರ ತಾಲ್ಲೂಕಿನ ಹಳದೀಪುರದ ನರ್ಸ್ ಅರುಣಾ ಶಾನಭಾಗ್ 1973ರಲ್ಲಿ ಹಲ್ಲೆಗೊಳಗಾಗಿ ಪ್ರಜ್ಞೆ ಕಳೆದುಕೊಂಡ ಮೇಲೆ, ಮುಂಬಯಿಯ ಕೆಇಎಂ ಆಸ್ಪತ್ರೆಯ ನರ್ಸ್‌ಗಳು 2015ರವರೆಗೆ ಅವರನ್ನು ನೋಡಿಕೊಂಡರಲ್ಲ, ಅದು ಅವರ ಅಂತಃಕರಣವಲ್ಲವೇ? ಹೌದು. ಆದರೆ ನಲವತ್ತೊಂದು ವರ್ಷಗಳಲ್ಲಿ ನರ್ಸ್‌ಗಳ ತಲೆಮಾರುಗಳೇ ಬದಲಾದವು. ಆರೈಕೆ ತುಂಡಾಗದಿದ್ದುದು ಹಾಸಿಗೆ, ಪಾಳಿ, ಹಿರಿಯರಿಂದ ಕಿರಿಯರಿಗೆ ದಾಟಿದ ರೂಢಿ ಇದ್ದುದರಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅರುಣಾ ಪರವಾಗಿ ಮಾತನಾಡುವ ಹಕ್ಕು ಆಸ್ಪತ್ರೆಯ ಸಿಬ್ಬಂದಿಗೇ ಸೇರಿದ್ದೆಂದಿತು. ಅಂತಃಕರಣಕ್ಕೆ ಆಸರೆ ಸಿಕ್ಕಿತು, ಮಾತಿಗೂ ಬೆಲೆ ಬಂತು.

ಸ್ಥೈರ್ಯದ ಮಾತೆಲ್ಲ ಹೆಚ್ಚು ದುಡಿಸಿಕೊಳ್ಳುವ ನೆಪ ಎನ್ನುವವರೂ ಇದ್ದಾರೆ. ಖಾಲಿ ಹುದ್ದೆ ತುಂಬದೆ ಧ್ಯಾನ ಶಿಬಿರ ಏರ್ಪಡಿಸುವ ಕಡೆ ಆ ಟೀಕೆ ಪೂರಾ ನಿಜ. ಹಾಗೆಂದು ಪರಿಕಲ್ಪನೆಯನ್ನೇ ತಳ್ಳಿಹಾಕಿದರೆ, ತಪ್ಪನ್ನು ತಪ್ಪೆಂದು ಹೇಳುವ ನರ್ಸ್‌ನ ಹಕ್ಕೂ ಅದರೊಡನೆ ಹೋಗುತ್ತದೆ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಹಳ್ಳಿಗಾಡಿಗೆ ಹೆಚ್ಚು ನರ್ಸ್‌ಗಳನ್ನು ತಂದಿತು, ಗುತ್ತಿಗೆಯ ಮೇಲೆ. ವರ್ಷವರ್ಷವೂ ನವೀಕರಣಕ್ಕೆ ಕಾಯುವವಳು ಮೇಲಧಿಕಾರಿಯ ಆದೇಶವನ್ನು ಪ್ರಶ್ನಿಸುವುದು ಸುಲಭವಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ನೈತಿಕ ಸ್ಥೈರ್ಯ ಬೆಳೆಯಬೇಕೆಂದರೆ ಮೊದಲು ಬೇಕಾದದ್ದು ಕಾಯಂ ನೌಕರಿ.